ಅಳಿಸೋ ಅನಿಮೆ ನೋಡೋಕೆ ಶುರು ಮಾಡೋರಿಗೆ: ಯಾವುದು ಮೊದಲು, ಹೇಗೆ ನೋಡ್ಬೇಕು

ಅನಿಮೆ ಅಂದ್ರೆ ಜಪಾನಿನ ಆನಿಮೇಷನ್ ಸೀರೀಸು, ಸಿನಿಮಾ. ಯಾರಾದ್ರೂ ಬಂದು "ಮನಸ್ಸಿಗೆ ತಟ್ಟೋ ಅನಿಮೆ ಯಾವುದಾದ್ರೂ ಹೇಳು ಮಾರಾಯ" ಅಂದ್ರೆ ಮೊದಲೆಲ್ಲ ನಾನು ನಾಲ್ಕು ಹೆಸರು ಬರೆದು ಕಳಿಸಿಬಿಡ್ತಿದ್ದೆ. ಒಂದು ವಾರ ಬಿಟ್ಟು ಅವರೇ ಬಂದು "ಎರಡು ಎಪಿಸೋಡ್ ನೋಡ್ದೆ, ಅಂಥದ್ದೇನೂ ಅನ್ನಿಸ್ಲಿಲ್ಲ, ಆಮೇಲೆ ಸೀದಾ ಕೊನೇದು ಹಾಕ್ಕೊಂಡು ನೋಡ್ದೆ, ಅದೂ ಅಷ್ಟಕ್ಕಷ್ಟೇ" ಅನ್ನೋರು. ಆಗ ನಂಗಾಗ್ತಿದ್ದ ಸಂಕಟ ಅಷ್ಟಿಷ್ಟಲ್ಲ, ಯಾಕಂದ್ರೆ ಅದೇ ಸೀರೀಸ್ ಮುಗಿಸಿದ ದಿನ ನಾನು ರಾತ್ರಿ ಎರಡು ಗಂಟೆಗೆ ಪಿಜಿ ಟೆರೇಸ್ ಮೇಲೆ ಹೋಗಿ ಬಟ್ಟೆ ಒಣಗಿಸೋ ತಂತಿ ಹಿಡ್ಕೊಂಡು ಒಬ್ಬನೇ ನಿಂತಿದ್ದೆ, ಕೆಳಗೆ ಇಳಿಯೋಕೆ ಮನಸ್ಸೇ ಬಂದಿರ್ಲಿಲ್ಲ. ಅದಕ್ಕೇ ಈಗ ಹೆಸರಿನ ಜೊತೆಗೆ ಹೇಗೆ ನೋಡ್ಬೇಕು ಅನ್ನೋದನ್ನೂ ಬರೀತಿದೀನಿ.

ಈ ಥರದ ಸೀರೀಸ್ ಅಳಿಸೋದು ಯಾವುದೋ ಒಂದು ಸೀನ್‌ನಿಂದ ಅಂತ ತುಂಬಾ ಜನ ಅಂದ್ಕೊಂಡಿರ್ತಾರೆ. ಯೂಟ್ಯೂಬಲ್ಲಿ ಆ ಸೀನ್ ಮಾತ್ರ ಕಟ್ ಮಾಡಿ ಹಾಕಿರ್ತಾರಲ್ಲ, ಅದನ್ನ ನೋಡಿದ್ರೆ ಯಾರೋ ಯಾಕೋ ಅಳ್ತಿದಾರೆ ಅನ್ಸುತ್ತೆ, ಅಷ್ಟೇ. ಮಣ್ಣಿನ ಹುಂಡಿಗೆ ದಿನಾ ಒಂದೊಂದು ರೂಪಾಯಿ ಹಾಕ್ತಾ ಬಂದೋರಿಗೆ ಮಾತ್ರ ಅದು ಒಡೆದ ದಿನ ಒಳಗೆ ಎಷ್ಟಿತ್ತು ಅಂತ ಗೊತ್ತಾಗೋದು, ಇದೂ ಹಾಗೇ. ಏನೂ ನಡೆಯದ ಎಪಿಸೋಡ್‌ಗಳು ಇರ್ತವಲ್ಲ, ಎಲ್ಲರೂ ಕೂತು ಊಟ ಮಾಡೋದು, ಸ್ಕೂಲಿಂದ ನಡ್ಕೊಂಡು ಬರೋದು, ಸುಮ್ನೆ ಕಿತ್ತಾಡೋದು, ಆ ಎಪಿಸೋಡ್‌ಗಳೇ ರೂಪಾಯಿ. ಕೆಳಗೆ ನಾನು ಹೇಳೋದೆಲ್ಲ ಆ ಹುಂಡಿ ತುಂಬೋ ಹಾಗೆ ನೋಡೋಕೆ.

ಹೆಜ್ಜೆ 1: ಚಿಕ್ಕದ್ರಿಂದ ಶುರು ಮಾಡಿ

ಮೊದಲ ಸಲಕ್ಕೇ ಐವತ್ತು ಅರವತ್ತು ಎಪಿಸೋಡಿನದ್ದು ಹಿಡೀಬೇಡಿ. ಒಂದು ಎಪಿಸೋಡ್ ಅಂದ್ರೆ 23-24 ನಿಮಿಷ, ಹನ್ನೆರಡು ಹದಿಮೂರು ಎಪಿಸೋಡಿನ ಸೀರೀಸ್ ಆದ್ರೆ ದಿನಕ್ಕೆ ಎರಡರ ಹಾಗೆ ಒಂದು ವಾರದಲ್ಲಿ ಆರಾಮಾಗಿ ಮುಗಿಯುತ್ತೆ.

ನಾನಂತೂ ಎಲ್ಲರಿಗೂ ಮೊದಲು ಹೇಳೋದು 2018ರ ಎ ಪ್ಲೇಸ್ ಫರ್ದರ್ ದ್ಯಾನ್ ದ ಯೂನಿವರ್ಸ್. 13 ಎಪಿಸೋಡ್, ಮ್ಯಾಡ್‌ಹೌಸ್ ಸ್ಟುಡಿಯೋದು, ಡೈರೆಕ್ಟರ್ ಅತ್ಸುಕೊ ಇಶಿಜುಕಾ. ನಾಲ್ಕು ಹುಡುಗೀರು ಅಂಟಾರ್ಕ್ಟಿಕಾಕ್ಕೆ ಹೋಗೋ ಕಥೆ. ಅದ್ರಲ್ಲಿ ಶಿರಾಸೆ ಅನ್ನೋಳ ಅಮ್ಮ ಮೂರು ವರ್ಷದ ಹಿಂದೆ ಅಲ್ಲಿಗೆ ಹೋದೋರು ವಾಪಸ್ ಬಂದಿಲ್ಲ, ಇವಳು ಪಾರ್ಟ್‌ಟೈಮ್ ಕೆಲಸ ಮಾಡಿ ಮಾಡಿ ಹತ್ತು ಲಕ್ಷ ಯೆನ್ ಕೂಡಿಟ್ಟಿದಾಳೆ, ಕ್ಲಾಸಲ್ಲಿ ಎಲ್ಲರೂ ಇವಳಿಗೆ ತಲೆ ಕೆಟ್ಟಿದೆ ಅಂತ ಆಡ್ಕೊಳ್ತಿರ್ತಾರೆ. ಇದನ್ನ ಮೊದಲು ನೋಡಿ ಅನ್ನೋಕೆ ಕಾರಣ ಏನಂದ್ರೆ ಇದ್ರಲ್ಲಿ ನಗು ತುಂಬಾ ಇದೆ, ಸ್ನೇಹ ಇದೆ, ಹಡಗಲ್ಲಿ ವಾಂತಿ ಮಾಡ್ಕೊಂಡು ಒದ್ದಾಡೋದೂ ಇದೆ, ಹಾಗಾಗಿ ಯಾರಿಗೂ ಭಾರ ಅನ್ಸಲ್ಲ. ಕೊನೆಗೂ ಮಂಜಿನ ಮೇಲೆ ಕಾಲಿಟ್ಟಾಗ ಆ ಹುಡುಗಿ ಇಷ್ಟು ದಿನ ಆಡ್ಕೊಂಡೋರಿಗೆಲ್ಲ ಕೇಳ್ಲಿ ಅನ್ನೋ ಹಾಗೆ "ನೋಡ್ಕೊಳ್ರೋ ಈಗ" ಅನ್ನೋ ಧಾಟೀಲಿ ಕೂಗ್ತಾಳೆ, ಅಲ್ಲಿ ನಾನು ನಗ್ತಾನೇ ಕಣ್ಣು ಒರೆಸ್ಕೊಂಡಿದ್ದೆ. ಇನ್ನು 12ನೇ ಎಪಿಸೋಡ್ ಬಗ್ಗೆ ಏನೂ ಹೇಳಲ್ಲ. ಆ ಹುಡುಗಿ ಅಮ್ಮನಿಗೆ ಬರೆಯೋ ಇಮೇಲ್‌ಗಳ ಮೇಲೆ ಶುರುವಿಂದ ಒಂದು ಕಣ್ಣಿಟ್ಟಿರಿ, ಅಷ್ಟು ಸಾಕು.

ಎರಡನೇದು ಅನೊಹಾನಾ, 2011ರದ್ದು, ಬರೀ 11 ಎಪಿಸೋಡ್. ಪೂರ್ತಿ ಹೆಸರಿನ ಅರ್ಥ "ಆವತ್ತು ನಾವು ನೋಡಿದ ಹೂವಿನ ಹೆಸರು ನಮಗಿನ್ನೂ ಗೊತ್ತಿಲ್ಲ" ಅಂತ, ಹೆಸರೇ ಎಷ್ಟು ಚೆನ್ನಾಗಿದೆ ನೋಡಿ. ಚಿಕ್ಕೋರಿದ್ದಾಗ ಒಟ್ಟಿಗೆ ಆಡ್ತಿದ್ದ ಆರು ಜನ, ಅದ್ರಲ್ಲಿ ಮೆನ್ಮಾ ಅನ್ನೋ ಹುಡುಗಿ ತೀರ್ಕೊಂಡಿದಾಳೆ, ಉಳಿದ ಐದು ಜನ ಬೇರೆ ಬೇರೆ ಆಗಿ ಈಗ ಹೈಸ್ಕೂಲ್ ವಯಸ್ಸಿಗೆ ಬಂದಿದಾರೆ, ಆಗ ಆ ಹುಡುಗಿ ಜಿಂತಾ ಅನ್ನೋ ಹುಡುಗನಿಗೆ ಮಾತ್ರ ಕಾಣಿಸ್ಕೊಳ್ತಾಳೆ, ನಂದೊಂದು ಆಸೆ ಇದೆ ಈಡೇರಿಸು ಅಂತಾಳೆ, ಯಾವ ಆಸೆ ಅಂತ ಅವಳಿಗೇ ನೆನಪಿಲ್ಲ. ಕಥೆ ನಡೆಯೋದು ಸೈತಾಮಾ ಪ್ರಾಂತ್ಯದ ಚಿಚಿಬು ಅನ್ನೋ ಊರಲ್ಲಿ, ಸುತ್ತ ಬೆಟ್ಟ ಇರೋ ಊರು, ಅಲ್ಲಿನ ಹಳೇ ಸೇತುವೆ, ದೇವಸ್ಥಾನ ಎಲ್ಲಾ ಇದ್ದ ಹಾಗೇ ಬರೆದಿದಾರೆ. ಆ ಕಡೆ ಹಳ್ಳಿಯೋರೇ ಮದ್ದು ತುಂಬಿ ಕೈಯಾರೆ ರಾಕೆಟ್ ಮಾಡಿ ಹಾರಿಸೋ ರ್ಯುಸೆಇ ಅನ್ನೋ ಹಬ್ಬ ನಿಜವಾಗ್ಲೂ ಇದೆ, ಕಥೇಲಿ ರಾಕೆಟ್ ಬಂದಾಗ ಇದೆಲ್ಲಿಂದ ಬಂತಪ್ಪ ಅಂತ ಅನ್ನಿಸಿದ್ರೆ ಅದು ಅಲ್ಲಿಂದ ಬಂದಿದ್ದು.

ಮೂರನೇದು ವಯೊಲೆಟ್ ಎವರ್‌ಗಾರ್ಡನ್, ಇದೂ 2018ರದ್ದೇ, 13 ಎಪಿಸೋಡ್, ಕ್ಯೋಟೊ ಆನಿಮೇಷನ್‌ದು. ಇದ್ರ ಬಗ್ಗೆ ಮುಂದೆ ಬರೀತೀನಿ.

ಈ ಮೂರೂ ನೋಡಿದ್ಮೇಲೆ ದೊಡ್ಡದಕ್ಕೆ ಕೈ ಹಾಕಿ. ಯುವರ್ ಲೈ ಇನ್ ಏಪ್ರಿಲ್ 22 ಎಪಿಸೋಡ್, ಮಾರ್ಚ್ ಕಮ್ಸ್ ಇನ್ ಲೈಕ್ ಎ ಲಯನ್ 44, ಕ್ಲಾನಾಡ್ ಮತ್ತೆ ಅದರ ಮುಂದಿನ ಭಾಗ ಆಫ್ಟರ್ ಸ್ಟೋರಿ ಎರಡೂ ಸೇರಿ 45ರ ಮೇಲೆ, 2019ರಿಂದ 2021ರ ತನಕ ಬಂದ ಫ್ರೂಟ್ಸ್ ಬಾಸ್ಕೆಟ್ 63. ಗ್ರೇವ್ ಆಫ್ ದ ಫೈರ್‌ಫ್ಲೈಸ್ ಸೀರೀಸ್ ಅಲ್ಲ, 1988ರ ಸಿನಿಮಾ, ಯುದ್ಧದ ಕಾಲದ ಅಣ್ಣ ತಂಗಿ ಕಥೆ, ಎಲ್ಲರೂ ಅದನ್ನೇ ಮೊದಲು ಹೇಳ್ತಾರೆ, ದಯವಿಟ್ಟು ಅದ್ರಿಂದ ಶುರು ಮಾಡ್ಬೇಡಿ, ಅದು ಬೇರೆ ಥರದ ನೋವು, ಹೊರಗೆ ಬರೋಕೆ ದಿನಗಟ್ಲೆ ಬೇಕು.

ಹೆಜ್ಜೆ 2: ನಿಮ್ಮ ಮನಸ್ಸು ಹೇಗಿದೆ ಅಂತ ನೋಡ್ಕೊಳ್ಳಿ

ಇದನ್ನ ಸುಮ್ನೆ ಹೇಳ್ತಿಲ್ಲ. ಮನೇಲಿ ಈಗಷ್ಟೇ ಯಾರಾದ್ರೂ ಹೋಗಿದ್ರೆ, ಅಥವಾ ಯಾರಾದ್ರೂ ಆಸ್ಪತ್ರೇಲಿದ್ರೆ, ಯುವರ್ ಲೈ ಇನ್ ಏಪ್ರಿಲ್, ಕ್ಲಾನಾಡ್ ಎರಡನ್ನೂ ಪಕ್ಕಕ್ಕಿಡಿ, ಅವು ಎಲ್ಲೂ ಓಡಿಹೋಗಲ್ಲ. ಆ ಟೈಮಲ್ಲಿ ನತ್ಸುಮೆಸ್ ಬುಕ್ ಆಫ್ ಫ್ರೆಂಡ್ಸ್ ನೋಡಿ, 2008ರಲ್ಲಿ ಶುರುವಾಗಿದ್ದು, ಅಪ್ಪ ಅಮ್ಮ ಇಲ್ಲದ ಹುಡುಗ, ಅವನ ಕಣ್ಣಿಗೆ ದೆವ್ವ ಭೂತಗಳೆಲ್ಲ ಕಾಣುತ್ವೆ, ಅಜ್ಜಿ ಒಂದು ಪುಸ್ತಕದಲ್ಲಿ ಅವುಗಳ ಹೆಸರು ಬರೆಸ್ಕೊಂಡು ಕಟ್ಟಿಹಾಕಿ ಹೋಗಿದಾಳೆ, ಇವನು ಒಂದೊಂದಕ್ಕೂ ಅದ್ರದ್ರ ಹೆಸರು ವಾಪಸ್ ಕೊಡ್ತಾ ಹೋಗ್ತಾನೆ. ಒಂದು ಎಪಿಸೋಡಿಗೆ ಒಂದು ಕಥೆ ಹೆಚ್ಚುಕಮ್ಮಿ ಮುಗಿಯುತ್ತೆ. ಬೆನ್ನು ಸವರಿದ ಹಾಗಿರುತ್ತೆ.

ಯಾರ ಹತ್ರಾನೂ ಮಾತಾಡೋಕೆ ಆಗದೆ ರೂಮಲ್ಲಿ ಬಿದ್ಕೊಂಡಿರೋ ದಿನಗಳಾದ್ರೆ ಮಾರ್ಚ್ ಕಮ್ಸ್ ಇನ್ ಲೈಕ್ ಎ ಲಯನ್ ನೋಡಿ. ರೇಇ ಅನ್ನೋ ಹದಿನೇಳು ವರ್ಷದ ಹುಡುಗ, ಶೋಗಿ ಅಂದ್ರೆ ಜಪಾನಿನ ಚದುರಂಗ ಆಡೋದೇ ಅವನ ಕಸುಬು, ಒಬ್ಬನೇ ಇರ್ತಾನೆ, ಮನೆ ಅಂದ್ರೆ ಬಟಾಬಯಲು, ಸಾಮಾನೇ ಇಲ್ಲ. ಮೊದಲ ಎಪಿಸೋಡಿನ ಶುರುವಲ್ಲಿ ಬಹಳ ಹೊತ್ತು ಮಾತೇ ಇಲ್ಲ, ಅವನು ಏಳ್ತಾನೆ, ನಡೀತಾನೆ, ಆಟ ಆಡ್ತಾನೆ, ಅಷ್ಟೇ. ನದಿಗೆ ಆಚೆ ಕಡೆ ಮೂರು ಜನ ಅಕ್ಕ ತಂಗೀರ ಮನೆ ಇದೆ, ಅಲ್ಲಿ ಯಾವಾಗ್ಲೂ ಏನೋ ಒಲೆ ಮೇಲಿರುತ್ತೆ, ಊಟಕ್ಕೆ ಬಾ ಅಂತ ಕರೀತಿರ್ತಾರೆ, ಇವನಿಗೆ ಹೋಗೋಕೆ ಸಂಕೋಚ. ಪಿಜಿಲಿ ಇದ್ದು ಯಾರದ್ದಾದ್ರೂ ಮನೆಗೆ ಹಬ್ಬದೂಟಕ್ಕೆ ಹೋಗೋಕೆ ಹಿಂದೆಮುಂದೆ ನೋಡಿರೋರಿಗೆ ಈ ಹುಡುಗ ತೀರಾ ಹತ್ತಿರದೋನು ಅನ್ನಿಸ್ತಾನೆ.

ಹೆಜ್ಜೆ 3: ಗೂಗಲ್ ಮಾಡ್ಬೇಡಿ

ಕ್ಯಾರೆಕ್ಟರ್ ಹೆಸರು ಟೈಪ್ ಮಾಡಿದ್ರೆ ಸಾಕು, ಕೆಳಗೆ ಅದೇ ತಾನಾಗಿ "ಸಾಯ್ತಾಳಾ" ಅಂತ ತೋರಿಸುತ್ತೆ. ನಂಗೆ ಒಂದು ಸೀರೀಸ್ ಹಾಗೇ ಹಾಳಾಯ್ತು, ಆ ಹುಡುಗಿಗೆ ದನಿ ಕೊಟ್ಟೋರು ಯಾರು ಅಂತ ನೋಡೋಕೆ ಹೋಗಿದ್ದೆ ಅಷ್ಟೇ. ಮುಗಿಯೋ ತನಕ ವಿಕಿ ಬೇಡ, ಟಾಪ್ ಟೆನ್ ಸ್ಯಾಡ್ ಸೀನ್ ವಿಡಿಯೋ ಬೇಡ, ಇನ್‌ಸ್ಟಾಗ್ರಾಮಲ್ಲಿ ಆ ಟ್ಯಾಗ್ ಬಂದ್ರೆ ಮ್ಯೂಟ್ ಮಾಡಿ. ಯಾರು ಯಾರು ಅಂತ ಗೊಂದಲ ಆದ್ರೆ ಪುಸ್ತಕದಲ್ಲಿ ಹೆಸರು ಬರ್ಕೊಳ್ಳಿ, ಅನೊಹಾನಾದಲ್ಲಂತೂ ಪ್ರತಿಯೊಬ್ಬರಿಗೂ ಒಂದು ನಿಜವಾದ ಹೆಸರು ಒಂದು ಅಡ್ಡಹೆಸರು ಇರೋದ್ರಿಂದ ಮೊದಲ ಎರಡು ಎಪಿಸೋಡ್ ಇದು ಉಪಯೋಗಕ್ಕೆ ಬರುತ್ತೆ.

ಹೆಜ್ಜೆ 4: ಜಪಾನೀಸ್ ಆಡಿಯೋದಲ್ಲೇ ನೋಡಿ, ಕಿವಿ ಕೊಟ್ಟು ಕೇಳಿ

ವಯೊಲೆಟ್ ನೆಟ್‌ಫ್ಲಿಕ್ಸಲ್ಲೇ ಇದೆ, ಉಳಿದವು ಕ್ರಂಚಿರೋಲ್ ಅನ್ನೋ ಅನಿಮೆ ಆ್ಯಪ್, ನೆಟ್‌ಫ್ಲಿಕ್ಸ್ ಅಂತ ಬರ್ತಾ ಹೋಗ್ತಾ ಇರ್ತವೆ, ಹೆಸರು ಹಾಕಿ ಹುಡುಕ್ಕೊಳ್ಳಿ. ಆಡಿಯೋ ಸೆಟ್ಟಿಂಗಲ್ಲಿ ಜಪಾನೀಸ್ ಒರಿಜಿನಲ್ ಆರಿಸಿ, ಸಬ್‌ಟೈಟಲ್ ಇಂಗ್ಲಿಷ್ ಹಾಕಿ. ಇಂಗ್ಲಿಷ್ ಎರಡು ಥರ ತೋರಿಸ್ತಿದ್ರೆ ಸಿಸಿ ಅಂತ ಬರೆದಿರೋದು ಬೇಡ, ಅದು ಸಾಮಾನ್ಯವಾಗಿ ಇಂಗ್ಲಿಷ್ ಡಬ್ಬಿನ ಮಾತಿಗೆ ಬರೆದಿರೋದು, ಕೇಳೋದೊಂದು ಓದೋದೊಂದು ಆಗಿಬಿಡುತ್ತೆ.

ಕನ್ನಡದೋರಿಗೆ ಇಲ್ಲಿ ಒಂದು ಲಾಭ ಇದೆ, ಇದು ನಂಗೆ ತುಂಬಾ ಇಷ್ಟವಾದ ವಿಷಯ, ಸ್ವಲ್ಪ ಉದ್ದ ಆದ್ರೂ ಹೇಳ್ತೀನಿ. ಜಪಾನಲ್ಲಿ ಮನೆಯಿಂದ ಹೊರಡೋರು "ಇತ್ತೆಕಿಮಾಸು" ಅಂತಾರೆ, ಇಂಗ್ಲಿಷ್ ಸಬ್‌ಟೈಟಲ್‌ನಲ್ಲಿ ಅದು "ಹೊರಟೆ", "ಬೈ" ಅನ್ನೋ ಥರ ಏನೋ ಬಂದಿರುತ್ತೆ. ಆದ್ರೆ ಆ ಮಾತಿನ ಅರ್ಥ ಏನ್ ಗೊತ್ತಾ, ಹೋಗಿ ಬರ್ತೀನಿ. ಅಕ್ಷರಕ್ಕೆ ಅಕ್ಷರ ನಮ್ಮ ಹೋಗಿ ಬರ್ತೀನಿ. ನಮ್ಮನೇಲಿ ಬಾಗಿಲಲ್ಲಿ ನಿಂತು ಬರೀ "ಹೋಗ್ತೀನಿ" ಅಂದ್ರೆ ಅಮ್ಮ "ಬರ್ತೀನಿ ಅನ್ನು" ಅಂತ ತಿದ್ದೋರಲ್ಲ, ಅದೇ. ಮನೇಲಿರೋರು "ಇತ್ತೆರಾಶಾಯ್" ಅಂತಾರೆ, ಹೋಗ್ಬಿಟ್ಟು ಬಾ. ವಾಪಸ್ ಬಂದಾಗ "ತದಾಇಮಾ", ಬಂದೆ ಅಂತ, ಒಳಗಿಂದ "ಒಕಾಎರಿ", ಬಂದ್ಯಾ ಅಂತ. ಈ ನಾಲ್ಕು ಮಾತು ಕಿವಿಗೆ ಹತ್ತಿಸ್ಕೊಂಡ್ರೆ ಅರ್ಧ ಅನಿಮೆ ನಿಮ್ಮ ಮನೆಯದ್ದೇ ಆಗುತ್ತೆ, ಯಾಕಂದ್ರೆ ಈ ಸೀರೀಸ್‌ಗಳು ಈ ಮಾತುಗಳನ್ನ ಇಪ್ಪತ್ತು ಸಲ ಸುಮ್ನೆ ಹೇಳಿಸಿ ಇಪ್ಪತ್ತೊಂದನೇ ಸಲ ಖಾಲಿ ಮನೆಗೆ ಹೇಳಿಸ್ತವೆ, ಅಥವಾ ಹೋಗಿ ಬರ್ತೀನಿ ಅಂದೋರು ಬರೋದೇ ಇಲ್ಲ.

ಇನ್ನೊಂದು, ಹೆಸರಿನ ಕೊನೆಗೆ ಸೇರಿಸೋ ಸಾನ್, ಕುನ್, ಚಾನ್, ಎದುರಿನೋರು ಎಷ್ಟು ಹತ್ತಿರ ಎಷ್ಟು ದೂರ ಅಂತ ತೋರಿಸೋ ಪದಗಳು. ಇಂಗ್ಲಿಷ್ ಸಬ್‌ಟೈಟಲ್ ಎಷ್ಟೋ ಸಲ ಇದನ್ನ ಬಿಟ್ಟೇಬಿಡುತ್ತೆ. ನೀವು, ನೀನು ಅನ್ನೋದ್ರ ವ್ಯತ್ಯಾಸ ಗೊತ್ತಿರೋ ನಮಗೆ ಇದು ಬೇಗ ಹಿಡಿಯುತ್ತೆ. ಕ್ಲಾನಾಡ್‌ನಲ್ಲಿ ತೊಮೊಯಾ ಅನ್ನೋ ಹುಡುಗ ಇದಾನೆ, ಅವನಿಗೂ ಅವನಪ್ಪನಿಗೂ ಮಾತು ಕಮ್ಮಿ, ಹಿಂದೆ ಒಂದು ಜಗಳದಲ್ಲಿ ಹುಡುಗನ ಭುಜಕ್ಕೆ ಏಟಾಗಿ ಬಾಸ್ಕೆಟ್‌ಬಾಲ್ ಬಿಡಬೇಕಾಗಿ ಬಂದಿದೆ. ಅದಾದ್ಮೇಲೆ ಅಪ್ಪ ಮಗನನ್ನ "ತೊಮೊಯಾ ಕುನ್" ಅಂತ ಕರೀತಾರೆ. ಹೆತ್ತ ಮಗನಿಗೆ ಕುನ್ ಹಚ್ಚಿ ಕರೆಯೋದು ಅಂದ್ರೆ ಪಕ್ಕದ್ಮನೆ ಹುಡುಗನ್ನ ಮಾತಾಡಿಸಿದ ಹಾಗೆ, ನಮ್ಮಲ್ಲಿ ಅಪ್ಪ ಇದ್ದಕ್ಕಿದ್ದ ಹಾಗೆ "ಏನು, ಊಟ ಆಯ್ತಾ ನಿಮ್ದು?" ಅಂದ್ರೆ ಹೇಗಿರುತ್ತೆ ಹಾಗೆ. ಬೈದಿದ್ರೂ ಆ ಹುಡುಗನಿಗೆ ಅಷ್ಟು ನೋವಾಗ್ತಿರ್ಲಿಲ್ಲ, ಕೇಳಿದ ತಕ್ಷಣ ಮನೆ ಬಿಟ್ಟು ಹೊರಗೆ ಹೋಗ್ಬಿಡ್ತಾನೆ. ಇತ್ತ ನಗಿಸಾ ಅನ್ನೋ ಹುಡುಗಿ ಅವನನ್ನ ಮೊದಲು ಮನೆತನದ ಹೆಸರಿಗೆ ಸಾನ್ ಸೇರಿಸಿ "ಒಕಾಜಾಕಿ ಸಾನ್" ಅಂತಿರ್ತಾಳೆ, ಆಮೇಲೊಂದು ದಿನದಿಂದ ಅವಳೂ "ತೊಮೊಯಾ ಕುನ್" ಅಂತಾಳೆ. ಅದೇ ಎರಡು ಪದ, ಅಪ್ಪನ ಬಾಯಲ್ಲಿ ದೂರ, ಈ ಹುಡುಗಿ ಬಾಯಲ್ಲಿ ಹತ್ತಿರ. ಇದನ್ನ ಯಾವ ಸಬ್‌ಟೈಟಲ್ಲೂ ನಿಮಗೆ ಹೇಳಲ್ಲ, ಕಿವಿಯೇ ಹಿಡೀಬೇಕು.

ಹೆಜ್ಜೆ 5: ಸ್ಕಿಪ್ ಇಂಟ್ರೋ ಒತ್ತಬೇಡಿ, ಆಟೊಪ್ಲೇ ತೆಗೀರಿ

ನೆಟ್‌ಫ್ಲಿಕ್ಸ್ ಅಕೌಂಟಿನ ಪ್ರೊಫೈಲ್ ಸೆಟ್ಟಿಂಗಲ್ಲಿ ಪ್ಲೇಬ್ಯಾಕ್ ಅಂತ ಇರುತ್ತೆ, ಅಲ್ಲಿ ಮುಂದಿನ ಎಪಿಸೋಡ್ ತಾನಾಗೇ ಶುರುವಾಗೋ ಟಿಕ್ ತೆಗೆದುಬಿಡಿ, ಇಲ್ಲಾಂದ್ರೆ ಎಂಡಿಂಗ್ ಹಾಡು ಶುರುವಾಗೋ ಹೊತ್ತಿಗೇ ಚಿತ್ರ ಮೂಲೆಗೆ ಹೋಗಿ ಚಿಕ್ಕದಾಗಿ ಮುಂದಿನದು ಬಂದುಬಿಡುತ್ತೆ. ಓಪನಿಂಗ್ ಒಂದೂವರೆ ನಿಮಿಷ, ಎಂಡಿಂಗ್ ಒಂದೂವರೆ ನಿಮಿಷ, ಅದೂ ಕಥೆಯ ಭಾಗಾನೇ.

ಅನೊಹಾನಾದ ಎಂಡಿಂಗ್ ಹಾಡು ಸೀಕ್ರೆಟ್ ಬೇಸ್. ಎಪಿಸೋಡಿನ ಕೊನೇ ಸೀನ್ ಇನ್ನೂ ನಡೀತಿರುವಾಗಲೇ ಗಿಟಾರ್ ಮೆಲ್ಲಗೆ ಶುರುವಾಗುತ್ತೆ, ಮಾತು ಮುಗಿಯೋಕೂ ಹಾಡು ಎದ್ದೇಳೋಕೂ ಸರಿಹೋಗುತ್ತೆ, ನಾಲ್ಕೈದು ಎಪಿಸೋಡ್ ಆಗೋ ಹೊತ್ತಿಗೆ ಆ ಗಿಟಾರ್ ಕೇಳಿದ್ರೇ ಗಂಟಲು ಕಟ್ಟೋ ಹಾಗೆ ನಿಮ್ಮನ್ನ ಪಳಗಿಸಿಬಿಟ್ಟಿರ್ತಾರೆ. ಆ ಹಾಡು ಮೂಲದಲ್ಲಿ ಜೋನ್ ಅನ್ನೋ ಹುಡುಗೀರ ಬ್ಯಾಂಡಿನದು, 2001ರ ಆಗಸ್ಟಲ್ಲಿ ಬಂದಿದ್ದು, ಹತ್ತು ವರ್ಷ ಆದ್ಮೇಲೆ ಆಗಸ್ಟಲ್ಲಿ ಮತ್ತೆ ಸಿಗೋ ಮಾತು ಆ ಹಾಡಲ್ಲಿದೆ. ಸರಿಯಾಗಿ ಹತ್ತು ವರ್ಷಕ್ಕೆ, 2011ರಲ್ಲಿ, ಈ ಸೀರೀಸಿನ ಮೂರು ಹುಡುಗಿ ಪಾತ್ರಗಳಿಗೆ ದನಿ ಕೊಟ್ಟೋರೇ ಅದನ್ನ ಮತ್ತೆ ಹಾಡಿದಾರೆ. ಇದು ಗೊತ್ತಾದ ಮೇಲೆ ಆ ಹಾಡು ನಂಗೆ ಇನ್ನೂ ಬೇರೆ ಥರ ಕೇಳಿಸೋಕೆ ಶುರುವಾಯ್ತು.

ಯುವರ್ ಲೈ ಇನ್ ಏಪ್ರಿಲ್‌ಗೆ ಮಾತ್ರ ಹೆಡ್‌ಫೋನ್ ಕಡ್ಡಾಯ. ಕೊಸೆಇ ಅನ್ನೋ ಹುಡುಗ ಪಿಯಾನೋದಲ್ಲಿ ಚಿಕ್ಕಂದಿನಿಂದ ಗೆದ್ದು ಗೆದ್ದು ಬಂದೋನು, ಅಮ್ಮ ಸತ್ತ ಮೇಲೆ ತಾನು ನುಡಿಸೋ ಪಿಯಾನೋ ತನಗೇ ಕೇಳಿಸಲ್ಲ ಅನ್ನೋ ಸ್ಥಿತಿಗೆ ಬಂದಿದಾನೆ. ಕಾಓರಿ ಅನ್ನೋ ವಯಲಿನ್ ಹುಡುಗಿ ಅವನನ್ನ ದರದರ ಎಳ್ಕೊಂಡು ಮತ್ತೆ ಸ್ಟೇಜಿಗೆ ಹತ್ತಿಸ್ತಾಳೆ. ನೋಡೋಕೆ ಮುಂಚೆ ಎರಡು ಪೀಸ್ ಕೇಳ್ಕೊಂಡಿರಿ, ಕ್ರೈಸ್ಲರ್ ಬರೆದ ಲವ್ಸ್ ಸಾರೋ, ಶೋಪ್ಯಾಂದು ಬ್ಯಾಲೇಡ್ ನಂಬರ್ ಒಂದು. ಮೊದಲನೇದು ಅವನಮ್ಮ ಜೋಗುಳದ ಥರ ಕೇಳಿಸ್ತಿದ್ದ ಪೀಸ್, ಎರಡನೇದು ಎಲ್ಲಿ ಬರುತ್ತೆ ಅಂತ ನೀವೇ ನೋಡಿ. ಪಾಶ್ಚಾತ್ಯ ಸಂಗೀತ ನಂಗೂ ಗೊತ್ತಿಲ್ಲ, ಗೊತ್ತಿರಬೇಕು ಅಂತಾನೂ ಇಲ್ಲ, ಆದ್ರೆ ಪರಿಚಯದ ರಾಗ ಮತ್ತೆ ಬಂದಾಗ ಮೈ ಜುಮ್ ಅನ್ನೋದು ಎಲ್ಲರಿಗೂ ಒಂದೇ.

ಹೆಜ್ಜೆ 6: ಎಲ್ಲಿ ತಾಳ್ಮೆ ಬೇಕು, ಎಲ್ಲಿ ನಿಲ್ಲಿಸಬಾರದು

ದಿನಕ್ಕೆ ಎರಡು, ಜಾಸ್ತಿ ಅಂದ್ರೆ ಮೂರು. ಒಂದೇ ರಾತ್ರೀಲಿ ಹದಿಮೂರೂ ಮುಗಿಸಿದ್ರೆ ಬೆಳಗ್ಗೆ ತಲೆನೋವು ಬಿಟ್ಟು ಏನೂ ಉಳಿಯಲ್ಲ. ಮಧ್ಯೆ ಒಂದು ರಾತ್ರಿ ನಿದ್ದೆ ಮಾಡಿ ಎದ್ದಾಗ ಆ ಪಾತ್ರಗಳು ನಿಮ್ಮ ಜೊತೆ ಬಸ್ಸಲ್ಲಿ ಆಫೀಸಿಗೆ ಬಂದಿರ್ತವಲ್ಲ, ಅದು ಬೇಕು.

ವಯೊಲೆಟ್‌ನಲ್ಲಿ ಮೊದಲ ಮೂರ್ನಾಲ್ಕು ಎಪಿಸೋಡ್ ಆ ಹುಡುಗಿ ಮರಗಟ್ಟಿದ ಹಾಗಿರ್ತಾಳೆ, ಯುದ್ಧಕ್ಕೆ ಬಿಟ್ಟು ಬೇರೇನೂ ಕಲಿಸದೆ ಬೆಳೆಸಿದ ಹುಡುಗಿ ಅವಳು, ಎರಡೂ ಕೈ ಲೋಹದ್ದು, ನಿನ್ನನ್ನ ಪ್ರೀತಿಸ್ತೀನಿ ಅಂತ ಅವಳ ಸೇನಾಧಿಕಾರಿ ಮೇಜರ್ ಹೇಳಿದ ಕೊನೇ ಮಾತಿನ ಅರ್ಥ ಗೊತ್ತಾಗದೆ ಅದನ್ನ ತಿಳ್ಕೊಳ್ಳೋಕೆ ಬೇರೆಯವರ ಪರವಾಗಿ ಕಾಗದ ಬರೆಯೋ ಕೆಲಸಕ್ಕೆ ಸೇರಿದೋಳು. ಅವಳು ಹಾಗೇ ಇರಬೇಕು, ಬೇಜಾರಾಗಿ ಬಿಡಬೇಡಿ.

ಕ್ಲಾನಾಡ್ ಇದಕ್ಕಿಂತ ಕಷ್ಟ. 2007ರದ್ದು, ಹುಡುಗೀರ ಕಣ್ಣು ಮುಖದ ಅರ್ಧ, ಸ್ಕೂಲ್ ತಮಾಷೆ, ಇದೇನಿದು ಅನ್ಸುತ್ತೆ. 9ನೇ ಎಪಿಸೋಡ್ ತನಕ ಕೊಡಿ, ಅಲ್ಲಿ ಫೂಕೊ ಅನ್ನೋ ಚಿಕ್ಕ ಹುಡುಗಿ ಕಥೆ ಮುಗಿಯುತ್ತೆ, ಅಕ್ಕನ ಮದುವೆಗೆ ಎಲ್ಲರೂ ಬರಲಿ ಅಂತ ಮರದಲ್ಲಿ ನಕ್ಷತ್ರಮೀನು ಕೆತ್ತಿ ಕೆತ್ತಿ ಸಿಕ್ಕಿದೋರಿಗೆಲ್ಲ ಹಂಚೋ ಹುಡುಗಿ. ಅಲ್ಲಿಗೂ ಮನಸ್ಸು ಕರಗದಿದ್ರೆ ಬಿಟ್ಟುಬಿಡಿ, ಎಲ್ಲಾ ಎಲ್ಲರಿಗೂ ಅಲ್ಲ. ಆದ್ರೆ ಕರಗಿದ್ರೆ ಮೊದಲ ಸೀಸನ್ ಮುಗಿಸದೆ ಆಫ್ಟರ್ ಸ್ಟೋರಿಗೆ ಹಾರಬೇಡಿ. ಆಫ್ಟರ್ ಸ್ಟೋರಿ ನೋಡುವಾಗ 16, 17, 18 ಈ ಮೂರಕ್ಕೆ ಒಂದು ರಜಾ ದಿನ ಬಿಡುವು ಮಾಡ್ಕೊಂಡು ಒಟ್ಟಿಗೆ ನೋಡಿ, 16 ನೋಡಿ ನಿಲ್ಲಿಸಿ ಮಲಗೋಕೆ ಹೋದ್ರೆ ನಿದ್ದೆ ಬರಲ್ಲ. 18ನೇದರಲ್ಲಿ ಒಂದು ಹೂವಿನ ಬಯಲಿದೆ, ಕಳೆದುಹೋದ ಒಂದು ಆಟಿಕೆ ರೋಬೋ ಇದೆ. ನೀರು ಪಕ್ಕದಲ್ಲಿಟ್ಕೊಳ್ಳಿ.

ಹೆಜ್ಜೆ 7: ಮನೆಯೋರಿಗೆ ತೋರಿಸೋದು

ಇಲ್ಲಿ ವಯೊಲೆಟ್‌ನ 10ನೇ ಎಪಿಸೋಡ್ ಕಥೆ ಪೂರ್ತಿ ಬರುತ್ತೆ, ನೋಡಿಲ್ಲದೋರು ಸೀದಾ ಹೆಜ್ಜೆ 8ಕ್ಕೆ ಹೋಗಿ, ನೋಡ್ಕೊಂಡು ವಾಪಸ್ ಬನ್ನಿ.

ಅನಿಮೆ ಅಂದ್ರೆ ನಮ್ಮ ಮನೇಲಿ ಮಕ್ಕಳ ಕಾರ್ಟೂನ್ ಅಂತಾನೇ ಲೆಕ್ಕ. ಹೋದ ಸಲ ಚಳಿಗಾಲದಲ್ಲಿ ಹಾಸನಕ್ಕೆ ಹೋದಾಗ ಅಮ್ಮ ಹಜಾರದಲ್ಲಿ ಅವರೆಕಾಯಿ ಬಿಡಿಸ್ತಾ ಕೂತಿದ್ರು, ನಾನು ಪಕ್ಕದಲ್ಲಿ ಸ್ಟೂಲ್ ಮೇಲೆ ಲ್ಯಾಪ್‌ಟಾಪ್ ಇಟ್ಟು ಇದನ್ನ ಹಾಕಿದೆ, ಯಾಕಂದ್ರೆ ಹಿಂದಿನ ಕಥೆ ಗೊತ್ತಿಲ್ಲದೋರಿಗೂ ಇದೊಂದು ಎಪಿಸೋಡ್ ಪೂರ್ತಿ ಅರ್ಥ ಆಗುತ್ತೆ. "ಇದೇನೋ ಗೊಂಬೆ ಪಿಚ್ಚರ್" ಅಂದ್ರು. ಕಥೇಲಿ ಆನ್ ಅನ್ನೋ ಪುಟ್ಟ ಹುಡುಗಿ ಕೂಡ ವಯೊಲೆಟ್ ಮನೆಗೆ ಬಂದಾಗ ದೊಡ್ಡ ಗೊಂಬೆ ಬಂತು ಅಂತಾನೇ ತಿಳ್ಕೊಳ್ತಾಳೆ, ಅದನ್ನ ಹೇಳಿದೆ, ಅಮ್ಮನಿಗೆ ನಗು ಬಂತು, ಅಲ್ಲಿಂದ ಕಣ್ಣು ಲ್ಯಾಪ್‌ಟಾಪಿನ ಮೇಲೆ ನಿಂತಿತು. ನಾನು ಒಂದೊಂದು ಸಾಲೂ ಕನ್ನಡದಲ್ಲಿ ಹೇಳ್ತಾ ಹೋದೆ, ಮಾತು ಜಾಸ್ತಿ ಇದ್ದ ಕಡೆ ಪಾಸ್ ಮಾಡಿ.

ಆ ಹುಡುಗಿ ಅಮ್ಮನಿಗೆ ಕಾಯಿಲೆ, ಜಾಸ್ತಿ ದಿನ ಇಲ್ಲ. ಏಳು ದಿನ ಕೂತು ವಯೊಲೆಟ್ ಕೈಲಿ ಕಾಗದ ಬರೆಸ್ತಾಳೆ. ಮಗಳಿಗೆ ಸಿಟ್ಟು, ಯಾರಿಗೋ ಕಾಗದ ಬರೆಯೋ ಬದಲು ನನ್ನ ಜೊತೆ ಇರಬಾರದಾ ಅಂತ. ಆ ಕಾಗದ ಯಾರಿಗೆ ಅಂತ ಕೊನೇ ತನಕ ಹೇಳಲ್ಲ. ಅಮ್ಮ ಹೋದ ಮೇಲೆ ಮಗಳ ಹುಟ್ಟುಹಬ್ಬಕ್ಕೆ ಒಂದು ಕಾಗದ ಬರುತ್ತೆ, ಮುಂದಿನ ವರ್ಷ ಇನ್ನೊಂದು, ಹಾಗೇ ಐವತ್ತು ವರ್ಷಕ್ಕೆ ಬರೆಸಿಟ್ಟಿರ್ತಾಳೆ. ಹುಡುಗಿ ದೊಡ್ಡವಳಾಗ್ತಾಳೆ, ಮದುವೆ ಆಗುತ್ತೆ, ಮಗು ಆಗುತ್ತೆ, ಕಾಗದ ಬರ್ತಾನೇ ಇರುತ್ತೆ.

ಅವರೆಕಾಯಿ ಬಿಡಿಸ್ತಿದ್ದ ಕೈ ನಿಂತೋಗಿತ್ತು. ಸಿಪ್ಪೆ ಹಾಕೋ ಮೊರದಲ್ಲಿ ಕಾಳು, ಕಾಳಿನ ಪಾತ್ರೇಲಿ ಸಿಪ್ಪೆ ಬಿದ್ದಿತ್ತು. ಸುಮಾರು ಹೊತ್ತು ಬಿಟ್ಟು "ಅಷ್ಟೂ ಕಾಗದಾನ ಒಂದೇ ವಾರದಲ್ಲಿ ಬರೆಸಿಬಿಟ್ಲೇನೋ" ಅಂದ್ರು. ಆಮೇಲೆ "ಆ ಮಗು ಬಾಗಿಲಾಚೆ ನಿಂತು ಅಳ್ತಿದ್ರೂ ಎದ್ದು ಹೋಗದ ಹಾಗೆ ಕೂತಿರೋಕೆ ಆ ತಾಯಿ ಎಷ್ಟು ಗಟ್ಟಿ ಮಾಡ್ಕೊಂಡಿರ್ಬೇಕು" ಅಂದ್ರು. ನಾನು ಆ ಎಪಿಸೋಡನ್ನ ಆರೋ ಏಳೋ ಸಲ ನೋಡಿದ್ದೆ, ಅಷ್ಟೂ ಸಲ ಮಗಳ ಕಡೆಯಿಂದಲೇ ನೋಡಿದ್ದೆ.

ಹಾಗಾಗಿ ಮನೆಯೋರಿಗೆ ತೋರಿಸೋದಾದ್ರೆ ಇದನ್ನೇ ಆರಿಸಿ, ಕೆಲಸದ ಹೊತ್ತಲ್ಲಿ ಬೇಡ, ಕೈ ಮಾತ್ರ ಆಡಿಸೋ ಕೆಲಸ ಇರೋ ಹೊತ್ತಲ್ಲಿ ತೋರಿಸಿ, ನೀವೇ ಕನ್ನಡದಲ್ಲಿ ಹೇಳಿ, ಮುಂದೇನಾಗುತ್ತೆ ಅಂತ ಮಾತ್ರ ಬಾಯಿ ಬಿಡಬೇಡಿ.

ಹೆಜ್ಜೆ 8: ಮುಗಿದ ಮೇಲೆ

ಕ್ರೆಡಿಟ್ಸ್ ಓದಿ. ಜಪಾನೀಸ್ ಅಕ್ಷರ ಓದೋಕೆ ಬರದಿದ್ರೂ ಕೊನೇ ಹೆಸರು ಹೋಗೋ ತನಕ ಕೂತಿರಿ. 2019ರ ಜುಲೈ 18ರಂದು ಕ್ಯೋಟೊ ಆನಿಮೇಷನ್‌ನ ಕಟ್ಟಡಕ್ಕೆ ಒಬ್ಬ ಬೆಂಕಿ ಹಚ್ಚಿದ, 36 ಜನ ಹೋದ್ರು, ಕೂತು ಚಿತ್ರ ಬರೀತಿದ್ದೋರು. ಕ್ಲಾನಾಡ್ ಮಾಡಿದ್ದೂ ಇದೇ ಸ್ಟುಡಿಯೋ, ವಯೊಲೆಟ್ ಮಾಡಿದ್ದೂ ಇದೇ ಸ್ಟುಡಿಯೋ. ಉಳಿದೋರು ಸೇರಿ ವಯೊಲೆಟ್‌ನ ಕೊನೇ ಸಿನಿಮಾ ಮುಗಿಸಿ 2020ರ ಸೆಪ್ಟೆಂಬರಲ್ಲಿ ತಂದ್ರು. ಆ ಸಿನಿಮಾ 10ನೇ ಎಪಿಸೋಡಿನ ಆನ್ ಮನೆಯಿಂದಲೇ ಶುರುವಾಗುತ್ತೆ, ಅವಳ ಮೊಮ್ಮಗಳ ಕೈಗೆ ಆ ಕಾಗದಗಳು ಸಿಗುತ್ವೆ. ಸೀರೀಸ್ ನೋಡಿ ಒಂದೆರಡು ವಾರ ಬಿಟ್ಟು ನೋಡಿ.

ತಕ್ಷಣ ಇನ್ನೊಂದು ಸೀರೀಸ್ ಶುರು ಮಾಡ್ಬೇಡಿ. ಎರಡು ದಿನ ಏನೋ ಕಳ್ಕೊಂಡ ಹಾಗೆ ಇರುತ್ತೆ, ಇರಲಿ. ಹಾಡುಗಳನ್ನ ಕೇಳಿ, ಮೊದಲ ಎಪಿಸೋಡ್ ಇನ್ನೊಂದು ಸಲ ಹಾಕಿ ನೋಡಿ, ಆಗ ಸುಮ್ನೆ ಅನ್ಕೊಂಡಿದ್ದ ಮಾತುಗಳೆಲ್ಲ ಈಗ ಬೇರೆ ಕೇಳಿಸುತ್ವೆ. ಖಾಲಿ ಖಾಲಿ ಅನ್ನೋದು ಸ್ವಲ್ಪ ತಿಳಿಯಾದ ಮೇಲೆ ಫ್ರೀರೆನ್ ಹಿಡೀರಿ, 2023ರಲ್ಲಿ ಶುರುವಾಗಿದ್ದು, ಮೊದಲ ಸೀಸನ್ 28 ಎಪಿಸೋಡ್. ಸಾವಿರಾರು ವರ್ಷ ಬದುಕೋ ಎಲ್ಫ್ ಅನ್ನೋ ಕಾಲ್ಪನಿಕ ಕುಲದೋಳು ಒಬ್ಬಳು ಜೊತೆಯವರ ಸಂಗಡ ಹತ್ತು ವರ್ಷ ತಿರುಗಾಡಿರ್ತಾಳೆ, ಅವಳ ಲೆಕ್ಕದಲ್ಲಿ ಅದು ಕಣ್ಣು ಮಿಟುಕಿಸೋ ಹೊತ್ತು. ಐವತ್ತು ವರ್ಷ ಬಿಟ್ಟು ಬಂದು ನೋಡಿದ್ರೆ ಗೆಳೆಯ ಮುದುಕ ಆಗಿದಾನೆ, ಸ್ವಲ್ಪ ದಿನಕ್ಕೆ ಹೋಗೇಬಿಡ್ತಾನೆ, ಅವನನ್ನ ಮಣ್ಣು ಮಾಡೋ ದಿನ ಇವಳಿಗೆ ಅಳು ಬರುತ್ತೆ, ಇವನನ್ನ ಇನ್ನೂ ಸ್ವಲ್ಪ ತಿಳ್ಕೊಳ್ಳೋಕೆ ಯಾಕೆ ನೋಡ್ಲಿಲ್ಲ ನಾನು ಅಂತ. ಇದಿಷ್ಟೂ ಮೊದಲ ಎಪಿಸೋಡಲ್ಲೇ ಆಗಿಹೋಗುತ್ತೆ. ಇಲ್ಲಿ ಕಥೆ ಉಲ್ಟಾ, ಹುಂಡಿ ಮೊದಲೇ ಒಡೆದಿದೆ, ಉಳಿದ 27 ಎಪಿಸೋಡ್ ಅವಳು ಒಂದೊಂದೇ ರೂಪಾಯಿ ಆರಿಸ್ಕೊಳ್ತಾ ನಡೀತಾಳೆ.

ಮೊನ್ನೆ ಅಮ್ಮ ಫೋನಲ್ಲಿ ಅದೂ ಇದೂ ಮಾತಾಡಿ ಇಡೋ ಮುಂಚೆ "ಆ ಕಾಗದ ಬರೆಯೋ ಹುಡುಗೀದು ಇನ್ನೂ ಇದೆಯೇನೋ" ಅಂತ ಕೇಳಿದ್ರು. ಗೌರಿ ಹಬ್ಬಕ್ಕೆ ಹೋದಾಗ 7ನೇ ಎಪಿಸೋಡ್ ತೋರಿಸೋಣ ಅಂತಿದೀನಿ, ಮಗಳನ್ನ ಕಳ್ಕೊಂಡ ನಾಟಕಕಾರನ ಮನೆ ಹತ್ರದ ಕೆರೆ ಮೇಲೆ ವಯೊಲೆಟ್ ಕೊಡೆ ಹಿಡ್ಕೊಂಡು ಹಾರ್ತಾಳಲ್ಲ, ಅದು. ಸಬ್‌ಟೈಟಲ್ ಈಗಿಂದಲೇ ಕನ್ನಡದಲ್ಲಿ ಬರ್ಕೊಳ್ತಾ ಇದೀನಿ, ಈ ಸಲ ಪಾಸ್ ಮಾಡದೆ ಓದಿ ಹೇಳ್ಬೇಕು.